ನರಸಿಂಗರಾಯರ ಸಂದೂಕ ಸುರಕ್ಷಿತ ಅದ

ಸ್ವಲ್ಪ ಇತ್ಲಾಗ ಸರೀರಿ, ಇದು ದನಿ ಎತ್ತಿ ಹೇಳೋ ಮಾತಲ್ಲ. ಮೊದಲ ಆ ಬಾಗಲಾ ಮುಂದ ಮಾಡ್ರಿ. ಸುಭದ್ರಾಬಾಯಿ ಹೇಳಿದ್ಲು ಅಂತ ಯಾರ ಮುಂದರೆ ಬಾಯಿ ಬಿಟ್ಟೀರಿ, ನಿಮಗ ನಿಮ್ಮ ಮಕ್ಕಳ ಆಣಿ ಅದ. ನಾನೂ ಇಲ್ಲೀತನಕ ಯಾರಿಗೂ ಹೇಳಿಲ್ಲ. ಭಾಲ್ಕಿ ಸ್ಟೇಶನ್ನಿನಾಗ ಗಾಡಿ ಎರಡು ತಾಸು ತಡಾ ಆದಾಗ ಬಾಜೂಕ ಕೂತ ಇಬ್ಬರಿಗೆ ಹೇಳಿದ್ದೆ. ಅವರು ಪರಳಿ ಕಡಿ ಮಂದಿ, ಅವರನ್ನ ಹಿಡಿಯೂದು ಬ್ಯಾಡ.

ಬೀದರ ಶಹರದ ‘ಮಾಂಜರಾ’ ವಾರಪತ್ರಿಕೆಯ ಮಾಲಕರಾದ ಕೈಲಾಸವಾಸಿ ನರಸಿಂಗರಾಯರ ಖಾಸಗಿ ಕಾಗದಪತ್ರಗಳು ಸಂಪೂರ್ಣ ಸುರಕ್ಷಿತವಾಗಿವೆ. ಗೆದ್ದಲು ಮುಟ್ಟಿಲ್ಲ, ಇಲಿ ಮುಟ್ಟಿಲ್ಲ, ಮಳಿಹನಿ ಬಿದ್ದಿಲ್ಲ. ಇದು ನನ್ನ ಮಾತಲ್ಲ. ಮೂರು ಮೊಹರು ಬಿದ್ದ ಸರ್ಟಿಫಿಕೇಟಿನ ಮಾತು. ಅದಕ್ಕ ಎದುರು ಮಾತಾಡಲಿಕ್ಕೆ ನನಗೂ ನಿಮಗೂ ಹಕ್ಕಿಲ್ಲ.

ರಾಯರು ಔರಾದ ತಾಲೂಕಿನ ಎಕಂಬಾದವರು. ಚೌಬಾರಾದ ಹಿಂದಿನ ಗಲ್ಲಿಯಾಗ ಕಲ್ಲಚ್ಚಿನ ಪ್ರೆಸ್ಸು ಹಾಕಿ ಉರ್ದುವಿನ್ಯಾಗ ಮೂರು ಪುಟ, ಕನ್ನಡದಾಗ ಒಂದು ಪುಟ ಛಾಪಸ್ತಿದ್ದರು. ಜರ್ಮನಿ ಲಡಾಯಿ ಕಾಲಕ್ಕ ಕಾಗದಕ್ಕೂ ಪರ್ಮಿಟ್ಟು ಬಂತು ನೋಡ್ರಿ, ಅವತ್ತಿನಿಂದ ಅವರಿಗೆ ಒಂದು ಚಟ ಹತ್ತಿತು. ಊರ ಮಂದಿ ಪತ್ರಿಕೆಗೆ ಬರದ ಚೀಟಿ ಒಂದೂ ಒಗೀತಿರಲಿಲ್ಲ. ಅದರ ಬೆನ್ನ ಮ್ಯಾಲ ತಮ್ಮ ದಿನದ ಸುದ್ದಿ ಬರದು ಸಂದೂಕದಾಗ ಇಡ್ತಿದ್ದರು. ಮುಂದಿನ ಬದಿಗೆ ‘ನಿಜಾಮ ಸರಕಾರರ ಸಾಲಗಿರಾ ನಿಮಿತ್ತ ನಮ್ಮ ಮುಬಾರಕಿ ಛಾಪಿಸಬೇಕು’ ಅಂತ ನಿಜಾಮರ ಹುಟ್ಟುಹಬ್ಬಕ್ಕ ಯಾರೋ ಸಾಹುಕಾರರ ವಿನಂತಿ. ಅದರ ಬೆನ್ನಿಗೆ ‘ಇವತ್ತ ಪುಂಡಿಪಲ್ಯಕ್ಕ ಉಪ್ಪು ಹೆಚ್ಚಾಗಿತ್ತು, ಚಂದ್ರಭಾಗಾಗ ಹೇಳಲಿಕ್ಕೆ ಧೈರ್ಯ ಆಗಲಿಲ್ಲ’ ಅಂತ ರಾಯರ ಬರವಣಿಗಿ. ಹಿಂಗ ಮಂದಿ ಮುಖ ಒಂದು ಕಡಿ, ರಾಯರ ಮನಸು ಇನ್ನೊಂದು ಕಡಿ, ಎರಡೂ ಒಂದೇ ಕಾಗದದ ಮ್ಯಾಲ, ಸಂದೂಕ ತುಂಬಿತ್ತು. ಪೋಲೀಸ ಆಕ್ಷನ್ ಆಗಿ, ನಿಜಾಮರ ರಾಜ್ಯ ಹೋಗಿ, ಎರಡನೇ ವರ್ಷ ರಾಯರು ಎದಿರೋಗದಿಂದ ತೀರಿಕೊಂಡರು. ಸಂದೂಕ ಅವರ ಹೇಣ್ತಿ ಚಂದ್ರಭಾಗಾನ ಮಂಚದ ಕೆಳಗ ಉಳೀತು. ಅದರ ಮ್ಯಾಲ ಆಕಿ ಹಪ್ಪಳದ ಹಲಗಿ ಇಡ್ತಿದ್ದಳು.

ಈಗ ನಮ್ಮ ಬಾಜೂಮನಿ ಹೇಳ್ತೇನಿ. ನಮಗೂ ನಬೀಸಾಬರ ಮನಿಗೂ ಒಂದೇ ಗ್ವಾಡಿ, ಗ್ವಾಡಿಗೊಂದು ಕಿಂಡಿ. ಅದರಾಗಿಂದ ಮಜ್ಜಿಗಿ ಆ ಕಡಿ, ನಿಂಬಿಕಾಯಿ ಈ ಕಡಿ ಓಡ್ಯಾಡತಿದ್ದವು. ನಬೀಸಾಬ ರಾಯರ ಪ್ರೆಸ್ಸಿನಾಗ ಕಾತಿಬ. ಅಂದ್ರ ಕಲ್ಲಿಗಿ ಹತ್ತೋ ಪ್ರತಿ ಅಕ್ಷರಾ ಮೊದಲು ಕೈಲೇ ಬರಿಯಾಂವ. ಪೋಲೀಸ ಆಕ್ಷನ್ ಆದ ಮುಂದಿನ ತಿಂಗಳೇ ಅವನನ್ನ ಹಿಡಕೊಂಡು ಹೋದರು. ರಜಾಕಾರರ ಇಸ್ತಿಹಾರಿನ, ಅಂದ್ರ ಗ್ವಾಡಿಗಿ ಹಚ್ಚೋ ಜಾಹೀರಾತಿನ, ಅಕ್ಷರಾ ಅವನ ಕೈಯ್ಯಿಂದೇ ಅಂತ ಗುನ್ಹೆ. ಅದು ಖರೇನೂ ಹೌದು. ಬಂದೂಕ ಹಿಡಕೊಂಡು ಬಂದು ‘ಬರಿ’ ಅಂದ್ರ ಯಾರು ಬರಿಯೂದಿಲ್ಲ? ಗಣಪತಿ ಉತ್ಸವದ ಕರಪತ್ರಾ ಅವನ ಅಕ್ಷರಾನೇ, ಊರಾಗಿನ ಮದುವಿ ಪತ್ರಿಕಿ ಅವನ ಅಕ್ಷರಾನೇ. ಅವನನ್ನ ಹಿಡಸಲಿಕ್ಕೆ ಅರ್ಜಿ ಬರದ ಪಂಢರಿನಾಥ ವಕೀಲರ ಮನಿ ಮುಂದಿನ ಬೋರ್ಡಿನ ಮ್ಯಾಲಿಂದೂ ಅವನ ಅಕ್ಷರಾನೇ. ಆ ಬೋರ್ಡನ್ನ ಯಾರೂ ಹಿಡಕೊಂಡು ಹೋಗಲಿಲ್ಲ.

ಮೂರು ವರ್ಷ ಕೇಸು ಮುಂದ ಹೋತು, ಮುಂದ ಹೋತು, ಕಡೀಕ ದಸರಾ ಮುಗಿದ ಮ್ಯಾಲ ಫೈಸಲಾ ಅಂತ ತಾರೀಖು ಬಿತ್ತು. ಅವತ್ತ ಮಧ್ಯಾಹ್ನ ಚಂದ್ರಭಾಗಾ ಬಾಜೂಮನಿಗೆ, ನಬೀಸಾಬನ ಹೇಣ್ತಿ ಮಹಮೂದಾನ ಕಡಿ ಬಂದಳು. ನಾ ಕಿಂಡಿ ಹತ್ರ ಬೆಳ್ಳೊಳ್ಳಿ ಸುಲೀತ ಕೂತಿದ್ದೆ. ಬೆಳ್ಳೊಳ್ಳಿ ಎಲ್ಲಿ ಕೂತರೂ ಸುಲೀಬೌದು, ಅಲ್ಲಿ ಗಾಳಿ ಛಲೋ ಬರ್ತದ.

‘ಮಹಮೂದಾ, ರಾಯರು ಸಾಯೋ ಮೊದಲ ಹೇಳ್ಯಾರ,’ ಅಂದಳು ಚಂದ್ರಭಾಗಾ. ‘ರಜಾಕಾರರು ಗಲ್ಲಿಗಲ್ಲಿ ಹೊಕ್ಕು ಗಂಡಸರನ್ನ ಹಿಡೀತಿದ್ದ ಆ ಮೂರು ದಿನ, ನಿನ್ನ ಗಂಡ ಹನ್ನೊಂದು ಮಂದೀನ ಪ್ರೆಸ್ಸಿನ ಕಾಗದದ ಗಂಟಿನ ಹಿಂದ ಮುಚ್ಚಿಟ್ಟಿದ್ದಾ. ನೀ ರೊಟ್ಟಿ ಬಡದು ಕಳಸಿದಿ. ನಾಕನೇ ದಿನ ಅವರು ಹೋಗೋ ಮುಂದ ರಾಯರು “ನಬೀಸಾಬ ನಮ್ಮ ಜೀವಾ ಉಳಿಸ್ಯಾನ” ಅಂತ ಬರದು ಹನ್ನೊಂದೂ ಮಂದಿ ಸಹಿ ಹಾಕಿಸಿಕೊಂಡಾರಂತ. ಯಾವುದೋ ಚೀಟಿ ಬೆನ್ನ ಮ್ಯಾಲ ಅದ. ಸಂದೂಕದಾಗೇ ಅದ. ಕೇಸು ನಿಂತ ದಿನ ತಾವೇ ಒಯ್ದು ಕೊಡಬೇಕಂತಿದ್ದರು, ಅಷ್ಟರಾಗ ಹೋದರು.’

ನನಗ ಆವಾಗ ನೆನಪಾತು. ಆ ಮೂರು ದಿನ ಮಹಮೂದಾನ ಒಲಿ ಆರಿರಲಿಲ್ಲ. ‘ಯಾರು ಬಂದಾರ?’ ಅಂತ ನಾ ಕಿಂಡ್ಯಾಗಿಂದ ಕೇಳಿದ್ರ, ‘ಹುಮನಾಬಾದದಿಂದ ಪಾವಣ್ಯಾರು ಬಂದಾರ್ರಿ ಅಕ್ಕಾ’ ಅಂದಿದ್ದಳು. ಹನ್ನೊಂದು ಮಂದಿ ಗಂಡಸರನ್ನ ಹೊಟ್ಟ್ಯಾಗ ಇಟ್ಕೊಂಡು ಬಾಜೂಮನಿಯಾಕಿಗೆ ಒಂದು ಸುಳಿವು ಕೊಡ್ಲಿಲ್ಲ, ಎಂಥ ಗಟ್ಟಿ ಹೆಂಗಸು ಅಂತೀನಿ.

‘ಯಾವ ಚೀಟಿ ಅಂತ ಸಾಬರು ನನಗ ಹೇಳ್ಯಾರ್ರಿ,’ ಅಂದಳು ಮಹಮೂದಾ. ‘ಕಾಗದ ತೆಗದು ರಾಯರ ಕೈಯಾಗ ಕೊಟ್ಟವರೇ ಅವರು. ಆದರ ಅದು ಬಾಯಿಬಿಟ್ಟು ಹೇಳೋ ಹಂಗಿಲ್ಲ. ಕಿವಿ ಇಲ್ಲಿ ತರ್ರಿ.’

ಮುಂದಿಂದು ಕಿವ್ಯಾಗ ಹೇಳಿದಳು. ನನಗ ಕೇಳಸಲಿಲ್ಲ. ಗ್ವಾಡಿ ಕಟ್ಟಿದ ಗೌಂಡಿ ಕಿಂಡಿ ಇನ್ನೊಂದು ಗೇಣು ಬಿಟ್ಟಿದ್ರ ಏನಾಗ್ತಿತ್ತು ಅವಗ? ‘ನಾಡದು ಗುರುವಾರ ಹುಡುಕೋಣ’ ಅಂದದ್ದಷ್ಟು ಕೇಳಸ್ತು.

ನಾ ಈ ಮಾತು ಯಾರಿಗೂ ಹೇಳಲಿಲ್ಲ. ಪಂಢರಿನಾಥ ವಕೀಲರ ಹೇಣ್ತಿ ಲಲಿತಾಬಾಯಿಗೆ ಒಬ್ಬಾಕಿಗೇ ಹೇಳಿದೆ, ಅದೂ ಆಣಿ ಹಾಕಿಸಿಕೊಂಡು.

ಬುಧವಾರ ಮುಂಜಾನಿ ಊರಾಗ ‘ಕೈಲಾಸವಾಸಿ ನರಸಿಂಗರಾಯರ ಕಾಗದಪತ್ರ ಸಂರಕ್ಷಣಾ ಸಮಿತಿ’ ಹುಟ್ಟಿತ್ತು. ಅಧ್ಯಕ್ಷರು ಪಂಢರಿನಾಥ ವಕೀಲರು. ಉಪಾಧ್ಯಕ್ಷರು ಭಾಲ್ಕಿಯ ತೊಗರಿ ಅಡತಿಯ ಮಡೆಪ್ಪ ಸಾಹುಕಾರರು. ಕಾರ್ಯದರ್ಶಿ ಎಕಂಬಾದ ಧೊಂಡಿಬಾ. ಈ ಧೊಂಡಿಬಾ ನನ್ನ ಗಂಡನ ತಮ್ಮ, ನನ್ನ ಸ್ವಂತ ಮೈದುನ. ಮೂವರೂ ಆಗ ಹೊಸದಾಗಿ ಖಾದಿ ತೊಟ್ಟಿದ್ದರು. ಮೊದಲನೇ ಚುನಾವಣಿ ಬಂದಿತ್ತು. ಆ ಮೂರು ದಿನ ತಾವು ಸೊಲ್ಲಾಪುರದ ಕಡಿ ರಜಾಕಾರರ ವಿರುದ್ಧದ ಗಡಿ ಕ್ಯಾಂಪಿನಾಗ ಬಂದೂಕ ಹಿಡಕೊಂಡು ನಿಂತಿದ್ದೆವು ಅಂತ ಮೂವರೂ ಬರದು ಕೊಟ್ಟಿದ್ದರು, ಸರಕಾರ ಸಿಕ್ಕಾ ಹಾಕಿತ್ತು. ಹಂಗಾದ್ರ ಕಾಗದದ ಗಂಟಿನ ಹಿಂದ ಕೂತು ಮಹಮೂದಾನ ರೊಟ್ಟಿ ತಿಂದವರು ಯಾರು ಅಂತ ಕೇಳಬ್ಯಾಡ್ರಿ. ಒಬ್ಬ ಮನುಷ್ಯಾ ಎರಡು ಕಡಿ ಇರಬಾರದು ಅಂತ ಕಾನೂನಿಲ್ಲ.

ಮೂವರೂ ಚಂದ್ರಭಾಗಾನ ಮನಿಗೆ ಹೋದರು. ಗಲ್ಲಿ ಮಂದೀನೂ ಹೋದೆವು.

‘ತಾಯಿ, ರಾಯರ ಕಾಗದ ಅಂದ್ರ ದೇಶದ ಆಸ್ತಿ,’ ಅಂದರು ವಕೀಲರು.

‘ಅವರು ಮೂರು ತಿಂಗಳು ಕೆಮ್ಮಿ ಕೆಮ್ಮಿ ಸತ್ತರು, ಆವಾಗ ನೀವು ಈ ಹೊಸ್ತಿಲಾ ತುಳೀಲಿಲ್ಲಲ್ರಿ.’

‘ಆವಾಗ ಸಮಿತಿ ಇರಲಿಲ್ಲವ್ವಾ.’

‘ಇವತ್ತೊಂದಿನಾ ಬಿಡ್ರಿ. ಒಂದು ಚೀಟಿ ಹುಡುಕೋದದ. ನಾಳಿ ನಾನೇ ಹೊತಗೊಂಡು ಬಂದು ಕೊಡ್ತೇನಿ.’

‘ಅಯ್ಯೋ, ಹುಡುಕಬಾರದು!’ ಅಂದ ಧೊಂಡಿಬಾ, ಮಗು ಬಾವಿ ಕಡಿ ಓಡಿದಂಗ ಗಾಬರ್ಯಾಗಿ. ‘ಹುಡುಕಿದ್ರ ಹರೀತಾವ ವೈನಿ. ಹಳೀ ಕಾಗದ ಅಂದ್ರ ಹೂವಿನಂಗ.’

ಹಪ್ಪಳದ ಹಲಗಿ ಇಳಿಸಿ ಸಂದೂಕ ಎತ್ತಿದರು. ಎತ್ತಲಿಕ್ಕೆ ನಾಕು ಮಂದಿ ಆಳು ಬೇಕಾದರು. ಈ ಲೆಕ್ಕಾ ನೆನಪಿಡ್ರಿ.

ಸಂದೂಕ ಪ್ರೆಸ್ಸಿನ ಹಿಂದಿನ ಖೋಲಿಗೆ ಬಂತು. ಅದನ್ನ ನೋಡಿಕೊಳ್ಳಲಿಕ್ಕೆ ಅನುಭವಸ್ಥರು ಬೇಕಲ್ಲ, ಅದಕ್ಕ ನಿಜಾಮೋದ್ದೀನ ಸಾಹೇಬರನ್ನ ಹಚ್ಚಿದರು. ಅವರು ಮೊದಲಿಂದಲೂ ದಫ್ತರಖಾನೆಯ ಮುಹಾಫಿಜರು, ಅಂದ್ರ ಕಾಗದ ಕಾಯೋರು. ನಿಜಾಮರ ಕಾಲದಾಗೂ ಕಾಯ್ದರು, ಈಗಲೂ ಕಾಯ್ತಾರ. ಕುರ್ಚಿ ಅದೇ, ಲೆಕ್ಕಣಿಕಿ ಅದೇ, ತಲಿ ಮ್ಯಾಲಿನ ಟೊಪಗಿ ಅಷ್ಟೇ ಬದಲಾಗ್ಯಾವ. ಅವರು ಒಂದು ವಾರ ಕೂತು ನಿಯಮ ಬರದು ಬಾಗಲಿಗಿ ಹಚ್ಚಿದರು. ಊರ ಮಂದಿ ಓದಿ ತಲಿದೂಗಿದರು.

‘ಕಲಂ ಒಂದು: ಕಾಗದಕ್ಕೆ ಗೆದ್ದಲಿಗಿಂತ ಹೆಚ್ಚಿನ ಅಪಾಯವು ಓದುವವರಿಂದ ಉಂಟಾಗುತ್ತದೆಯಾದ್ದರಿಂದ, ಸಂರಕ್ಷಿತ ಕಾಗದಗಳನ್ನು ಯಾರೂ ಯಾವ ಕಾರಣಕ್ಕೂ ಓದತಕ್ಕದ್ದಲ್ಲ.

ಕಲಂ ಎರಡು: ಪತ್ರವನ್ನು ಬರೆದವನೇ ಆ ಪತ್ರದ ಸ್ವಾಭಾವಿಕ ಸಂರಕ್ಷಕನು. ಅವನು ಅರ್ಜಿ ಸಲ್ಲಿಸಿ ತನ್ನ ಪತ್ರವನ್ನು ಮನೆಗೆ ಒಯ್ದು, ತನಗೆ ತಿಳಿದ ರೀತಿಯಲ್ಲಿ ಸಂರಕ್ಷಿಸತಕ್ಕದ್ದು. ರೀತಿ ಯಾವುದೆಂದು ಸಮಿತಿಯು ವಿಚಾರಿಸುವುದಿಲ್ಲ.

ಕಲಂ ಮೂರು: ಕಾಗದದ ಬೆನ್ನನ್ನು ಕಾಗದದ ಭಾಗವೆಂದು ಪರಿಗಣಿಸಲಾಗುವುದಿಲ್ಲ.’

ಕಲಂ ಮೂರು ಹಾಕಿಸಿದವರು ವಕೀಲರು. ಅದಕ್ಕೇ ಹೇಳೂದು, ಓದಿದವರು ಬೇರೇನೇ.

ಆಮ್ಯಾಲ ನೋಡ್ರಿ, ಊರಿಗೆ ಊರೇ ಸಂರಕ್ಷಣಿಗಿ ನಿಂತಿತು. ಬೀದರದವರು ಚೌಬಾರಾತನಕ ಸಾಲು ಹಚ್ಚಿದರು. ಭಾಲ್ಕಿಯವರು ಗಾಡಿಯಾಗ ಬಂದರು, ಔರಾದದವರು ಬಂಡಿ ಕಟಗೊಂಡು ಬಂದರು. ಮಡೆಪ್ಪ ಸಾಹುಕಾರರವು ಇಪ್ಪತ್ತೆಂಟು ಪತ್ರ ಇದ್ದವು, ಎಲ್ಲಾ ಸಾಲಗಿರಾ ಮುಬಾರಕಿ. ಹೆಸರು ದೊಡ್ಡ ಅಕ್ಷರದಾಗ ಬರಬೇಕು ಅಂತ ಪ್ರತಿಯೊಂದರ ಕೆಳಗ ಸೂಚನಾ. ಅವರ ಹೇಣ್ತಿ ಅವನ್ನ ಮೆಂತ್ಯದ ಕೂಡ ಎರಡು ದಿನ ನೆನಿಹಾಕಿ, ಒರಳಾಗ ಕುಟ್ಟಿ, ಕೊಡದ ಮ್ಯಾಲ ಮೆತ್ತಿ ಚಂದಾದ ಬುಟ್ಟಿ ಮಾಡಿದಳು. ಇವತ್ತಿಗೂ ಆ ಬುಟ್ಟಿಯಾಗ ತೊಗರಿಬ್ಯಾಳಿ ಅದ. ನಿಜಾಮೋದ್ದೀನ ಸಾಹೇಬರು ಹೋಗಿ ಬಡದು ನೋಡಿ ರಜಿಸ್ಟರಿನಾಗ ಬರದರು: ‘ಸ್ಥಿತಿ: ಗಟ್ಟಿ.’ ವಕೀಲರು ರಜಾಕಾರರ ಫಂಡಿಗೆ ತಾವು ಕೊಟ್ಟ ವಂತಿಗಿ ಬಗ್ಗೆ ಬರದ ಪತ್ರಗಳನ್ನ ತಮ್ಮ ಬಚ್ಚಲ ಹಂಡೆದ ಕೆಳಗ ಸಂರಕ್ಷಿಸಿದರು. ‘ಸ್ಥಿತಿ: ಬೆಚ್ಚಗ.’ ನಮ್ಮ ಧೊಂಡಿಬಾಂದು ಎರಡೇ ಇದ್ದವು. ಒಂದರಾಗ ‘ಧೊಂಡಿಬಾ ತೀರಿಕೊಂಡ ಅಂತ ಛಾಪಸ್ರಿ, ರಜಾಕಾರರು ಹುಡುಕೋದು ಬಿಡ್ತಾರ’ ಅಂತಿತ್ತು. ಇನ್ನೊಂದರಾಗ ‘ಬದುಕ್ಯಾನ ಅಂತ ಛಾಪಸ್ರಿ, ಸತ್ತವರಿಗೆ ಹೋರಾಟಗಾರರ ಸರ್ಟಿಫಿಕೇಟು ಕೊಡೂದಿಲ್ಲಂತ’ ಅಂತಿತ್ತು. ಅವನ್ನ ಊರಿಗೆ ಹೋಗೋ ಮುಂದ ಹೊಳಿಗೆ ಬಿಟ್ಟ. ‘ಸ್ಥಿತಿ: ಹರಿಯುತ್ತಿದೆ.’

ಮಹಮೂದಾ ಬುರ್ಖಾ ಹಾಕ್ಕೊಂಡು ಅರ್ಜಿ ಹಿಡಕೊಂಡು ಹೋದಳು. ನಾ ಜೋಡಿಗೆ ಹೋಗಿದ್ದೆ, ಒಬ್ಬಾಕೀನ ಹ್ಯಾಂಗ ಬಿಡೋದು, ಆಮ್ಯಾಲ ಏನಾತು ಅಂತ ನನಗ ಯಾರು ಹೇಳಬೇಕು.

‘ಸಾಹೇಬರ, ಹನ್ನೊಂದು ಸಹಿ ಇರೋ ಒಂದು ಕಾಗದ ಬೇಕಾಗಿತ್ತು. ಅದಾಲತ್ತಿನ ತಾರೀಖು ಹತ್ರ ಬಂದದ.’

ನಿಜಾಮೋದ್ದೀನ ಸಾಹೇಬರು ತಲಿ ಎತ್ತಲಿಲ್ಲ. ‘ಯಾರ ಪತ್ರದ ಹಿಂದ ಅದ ಬೀಬಿ?’

ಮಹಮೂದಾ ನನ್ನ ಕಡಿ ನೋಡಿದಳು. ಆಮ್ಯಾಲ ನೆಲಾ ನೋಡಿದಳು. ‘ಅದು ನಾ ಹೇಳೋ ಹಂಗಿಲ್ರಿ.’

‘ಹೇಳದಿದ್ರ ಅರ್ಜಿ ಅಪೂರ್ಣ. ಹೇಳಿದ್ರ ಕಲಂ ಎರಡು, ಬರದವರಿಗಷ್ಟೇ ಕೊಡೋದು. ನಾ ಹುಡುಕಿ ನೋಡಿದ್ರ ಕಲಂ ಒಂದು. ಮತ್ತ ನೀ ಕೇಳೋದು ಬೆನ್ನು. ಬೆನ್ನು ನಮ್ಮಲ್ಲಿ ಇಲ್ಲೇ ಇಲ್ಲ.’

‘ಕಾಗದ ಅದ, ಹೌದಲ್ರಿ?’

‘ಅದ. ಸುರಕ್ಷಿತ ಅದ.’

‘ಹಂಗಾರ ತೋರಸ್ರಿ.’

‘ತೋರಿಸಿದ್ರ ಸುರಕ್ಷಿತ ಹ್ಯಾಂಗ ಆಗ್ತದ ಬೀಬಿ?’

ಈ ನಿಜಾಮೋದ್ದೀನ ಸಾಹೇಬರ ನಿಕಾಹ್ ಪತ್ರಿಕಿ ಬರದಾಂವ ನಬೀಸಾಬ. ಅದು ಅವರಿಗೂ ನೆನಪಿತ್ತು ಅನ್ನೋದಕ್ಕ ಸಾಕ್ಷಿ ಅದ; ಆಕಿ ಹೊಸ್ತಿಲಾ ದಾಟೋತನಕ ಅವರು ತಲಿ ಎತ್ತಲೇ ಇಲ್ಲ.

ಹುಳಾ ಹತ್ತಬಾರದು ಅಂತ ಸಂದೂಕದಾಗ ಬೇವಿನ ಎಲಿ ಹಾಸಬೇಕಂತ. ಆ ಕೆಲಸ ನನಗ ಸಿಕ್ಕಿತು. ಯಾಕಂದ್ರ ನಾ ಕಾರ್ಯದರ್ಶಿಯ ಅತ್ತಿಗಿ, ನಂಬಿಕಿ ಮನುಷ್ಯಾಳು, ಅದರ ಮ್ಯಾಲ ಓದಿದ್ದು ಎರಡನೇ ಇಯತ್ತೆ. ಎಲಿ ಹಾಸೋ ಮುಂದ ನೋಡ್ತೇನಿ, ನಂದೂ ಒಂದು ಚೀಟಿ! ನನ್ನ ಕೈಯಿಂದ್ದೇ, ಕೋಳಿ ಕೆದರಿದಂಥ ಅಕ್ಷರಾ, ಗುರುತು ಹಿಡೀಲಾರದಕ್ಕ ಏನದ? ಅದರಾಗ ಏನಿತ್ತು ಅಂತ ಕೇಳಬ್ಯಾಡ್ರಿ, ಅದು ಮನಿತನದ ಮಾತು. ರಾಯರು ಆವಾಗ ಜಾಗಾ ಇಲ್ಲ ಅಂತ ಅದನ್ನ ಛಾಪಿಸಿರಲಿಲ್ಲ. ಅದು ಧೊಂಡಿಬಾನ ಕಣ್ಣಿಗೆ ಬಿದ್ರ ಸಭಾದಾಗ ನನಗ ಮೊದಲನೇ ಸಾಲಿನ್ಯಾಗ ಹಾಕ್ತಿದ್ದ ಕುರ್ಚಿ ಹೋಗ್ತಿತ್ತು, ಇಷ್ಟು ತಿಳಕೋರಿ ಸಾಕು. ಕಲಂ ಎರಡರ ಪ್ರಕಾರ ಮನಿಗೆ ತಂದೆ. ಕಲಂ ಒಂದರ ಪ್ರಕಾರ ಓದೋದು ಗುನ್ಹೆ, ಹೊಳ್ಳಿಸಿ ಹಿಂದ ನೋಡಲೇ ಇಲ್ಲ. ನಾ ನಿಯಮ ಬಿಟ್ಟು ನಡಿಯಾಕಿ ಅಲ್ಲ. ಒಲಿ ಹೊಗಿ ಆಡ್ತಿತ್ತು; ಚೀಟಿ ಹಾಕಿದೆ, ಭಗ್ ಅಂತ ಹತ್ತಿತು. ಮ್ಯಾಲ ಚಹಾ ಇಟ್ಟೆ.

ಅಷ್ಟರಾಗ ಮಹಮೂದಾ ಬಂದಳು. ಕಿಂಡಿಗೆ ಬರಲಿಲ್ಲ, ಸುತ್ತಹಾಕಿ ಒಳಗೇ ಬಂದಳು.

‘ಅಕ್ಕಾ, ಸಂದೂಕ ಮುಟ್ಟೋ ಹಕ್ಕು ಈಗ ನಿಮಗ ಒಬ್ಬರಿಗೇ ಅದಂತ. ಒಂದು ಉಪಕಾರ ಮಾಡಬೇಕಾಗಿತ್ರಿ. ಅದಕ್ಕ ಮೊದಲ ನಿಮ್ಮ ಕಡಿಂದ ಮಾಫಿ ಕೇಳ್ತೀನಿ, ಯಾಕಂದ್ರ ಆ ಚೀಟಿ...’

‘ಮೊದಲ ಚಹಾ ಕುಡಿ, ಆಮ್ಯಾಲ ಹೇಳು,’ ಅಂದೆ.

ಆಕಿ ಒಲಿ ಕಡಿ ನೋಡಿದಳು. ಸುಡದೇ ಉಳಿದ ಒಂದು ಮೂಲ್ಯಾಗ ನನ್ನ ಕೋಳಿ ಅಕ್ಷರಾ ಇನ್ನೂ ಕಾಣತಿತ್ತು, ಅದನ್ನೇ ಭಾಳ ಹೊತ್ತು ನೋಡಿದಳು. ಥಂಡಿ ಆಗಿರಬೇಕು ಅಂತ ನಾನೂ ಒಂದು ಕಟಗಿ ಮುಂದ ದೂಡಿದೆ. ಕಪ್ಪು ಬಶಿ ಕೊಟ್ಟೆ. ಕುಡದಳು, ಬಶಿ ತೊಳದು ಡಬ್ಬ ಹಾಕಿದಳು, ಎದ್ದು ಹೋದಳು. ಉಪಕಾರ ಏನು ಅಂತ ಹೇಳಲೇ ಇಲ್ಲ. ದೊಡ್ಡಸ್ತಿಕಿ ನೋಡ್ರಿ ಬಡವರದು.

ಅದಾಲತ್ತಿನಾಗ ಚಂದ್ರಭಾಗಾ ನಿಂತು ಸಾಕ್ಷಿ ಹೇಳಿದಳು. ‘ಬಾಯಿಮಾತು ಬ್ಯಾಡ, ಕಾಗದ ಹಾಜರ ಮಾಡ್ರಿ’ ಅಂದರು. ಸಮಿತಿಗೆ ಹುಕುಂ ಹೋತು. ಸಮಿತಿಯಿಂದ ಮೂರು ಮೊಹರಿನ ಸರ್ಟಿಫಿಕೇಟು ಬಂತು: ‘ಸದರಿ ಕಾಗದಗಳೆಲ್ಲವೂ ಅತ್ಯುತ್ತಮ ರೀತಿಯಲ್ಲಿ ಸಂರಕ್ಷಿಸಲ್ಪಟ್ಟಿರುವುದರಿಂದ ಅವನ್ನು ಹಾಜರುಪಡಿಸಲು ಸಾಧ್ಯವಿರುವುದಿಲ್ಲ.’ ಅದನ್ನ ಓದಿ ಅಲ್ಲಿ ಎಲ್ಲಾರಿಗೂ ಸಮಾಧಾನ ಆತು. ಕಾಗದ ಇಲ್ಲ ಅಂದಿದ್ರ ಸಂಶಯ ಬರ್ತಿತ್ತು. ಕಾಗದ ಅದ, ಸುರಕ್ಷಿತ ಅದ, ಇನ್ನೇನು ಬೇಕು? ನಬೀಸಾಬಗ ಇನ್ನೂ ಐದು ವರ್ಷ ಸಜಾ ಆತು.

ಫೈಸಲಾ ಆದ ಎಂಟು ದಿನಕ್ಕ ಸಂರಕ್ಷಣಾ ಕಾರ್ಯ ಪೂರ್ತಿ ಆದ ಸಂತೋಷಕ್ಕ ಸಮಾರಂಭ ಇಟ್ಟರು. ಸಂದೂಕಕ್ಕ ಚೆಂಡು ಹೂವಿನ ಹಾರ ಹಾಕಿ ವೇದಿಕಿಗೆ ತಂದರು. ಹೋಗುವಾಗ ನಾಕು ಮಂದಿ ಹೊತ್ತಿದ್ದರಲ್ಲ, ಬರೋ ಮುಂದ ಧೊಂಡಿಬಾ ಒಬ್ಬನೇ ಒಂದೇ ಕೈಯಾಗ ಹಿಡಕೊಂಡು ಬಂದ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ವಕೀಲರು ಮೈಕಿನ ಮುಂದ ನಿಂತು ಹೇಳಿದರು, ‘ಮಹನೀಯರೇ, ಸರಿಯಾಗಿ ಸಂರಕ್ಷಿಸಿದ ಕಾಗದ ಭಾರ ಇರೂದಿಲ್ಲ.’ ಚಪ್ಪಾಳಿ ಬಿತ್ತು. ನಾನೂ ಮೊದಲನೇ ಸಾಲಿನಾಗ ಕೂತು ಬಡದೆ. ನಿಜಾಮೋದ್ದೀನ ಸಾಹೇಬರು ವರದಿ ಓದಿದರು: ‘ಗೆದ್ದಲು ಹತ್ತಿದ ಕಾಗದ: ಒಂದೂ ಇಲ್ಲ. ಹರಿದ ಕಾಗದ: ಒಂದೂ ಇಲ್ಲ. ಕಳೆದ ಕಾಗದ: ಕಲಂ ಎರಡರ ಅನ್ವಯ ಒಂದೂ ಇಲ್ಲ.’ ಖೋಲಿಗೆ ಹೊಸ ಕೀಲಿ ಬಂತು, ಪಹರೆಕ್ಕ ಒಬ್ಬ ಜವಾನ ಬಂದ. ಚಂದ್ರಭಾಗಾಗ ಶಾಲು ಹೊದಸ್ತೇವಿ ಅಂತ ಎರಡು ಸಲ ಕೂಗಿದರು, ಆಕಿ ಬರಲಿಲ್ಲ. ಶಾಲು ತಂದಿದ್ದು ಯಾಕ ಹಾಳಾಗಬೇಕಂತ ನನಗೇ ಹೊದಿಸಿದರು.

ನಾ ಶಾಲು ಹೊದಕೊಂಡೇ ಮನಿಗೆ ಬಂದೆ. ಬಾಗಲಾಗ ಮಹಮೂದಾ ನಿಂತಿದ್ದಳು.

‘ಅಕ್ಕಾ, ಶಾಲು ಚಂದ ಒಪ್ಪತದ್ರಿ,’ ಅಂದಳು. ‘ನಾಳಿ ನಾ ಅಣ್ಣನ ಮನಿಗೆ ಜನವಾಡಕ್ಕ ಹೊಂಟೀನಿ. ಹೋಗೋ ಮೊದಲ ಒಂದು ಮಾತು ಹೇಳಿ ಹೋಗ್ತೀನಿ. “ಧೊಂಡಿಬಾ ನಮ್ಮ ಮನಿಯಾಂವ ಅಲ್ಲ, ಅವಗೂ ನಮಗೂ ಸಂಬಂಧ ಇಲ್ಲ, ಸಿಕ್ರ ಹಿಡೀರಿ” ಅಂತ ಛಾಪಿಸಲಿಕ್ಕೆ ನೀವು ಬರದು ಕಳಿಸಿದ್ರಿ, ನೆನಪದ? ಆ ವಾರ ನಿಮ್ಮ ಧೊಂಡಿಬಾ ನಾ ಬಡದ ರೊಟ್ಟಿ ತಿನ್ಕೋತ ಗಂಟಿನ ಹಿಂದ ಕೂತಿದ್ದ. ಸಾಬರ ಕೈಗೆ ಸಿಕ್ಕದ್ದು ನಿಮ್ಮ ಚೀಟೀನೇ, ಹನ್ನೊಂದೂ ಸಹಿ ಅದರ ಬೆನ್ನ ಮ್ಯಾಲೇ ಬಿದ್ದಾವ. ಸಹಿ ಮಾಡೋ ಮೊದಲ ಧೊಂಡಿಬಾ ಹೊಳ್ಳಿಸಿ ಓದ್ಯಾನ. ಓದಿ ನಕ್ಕಾನ. ಅವಗ ಅವತ್ತಿಂದೇ ಗೊತ್ತದ. ಅರ್ಜಿಯಾಗ ನಿಮ್ಮ ಹೆಸರು ನಾ ಹೇಳಲಿಲ್ಲ, ನಿಮ್ಮ ಮರ್ಯಾದಿ ಹೋಗಬಾರದು ಅಂತ. ಅದನ್ನ ತೆಗದು ಕೊಡ್ರಿ ಅಂತ ಕೇಳಲಿಕ್ಕೇ ಅವತ್ತ ನಿಮ್ಮ ಒಲಿ ಮುಂದ ಬಂದಿದ್ದೆ. ಅದರ ಮ್ಯಾಲ ಕಾಸಿದ ಚಹಾ ನನಗೇ ಕುಡಿಸಿದ್ರಿ. ನಾ ಯಾರಿಗೂ ಹೇಳಿಲ್ರಿ ಅಕ್ಕಾ. ನೀವು ಹೇಳದೇ ಇರಲಾರ್ರಿ, ನಾ ಬಲ್ಲೆ. ಹೇಳ್ರಿ. ಆದರ ಈ ಸಲ ಕಾಗದದ ಎರಡೂ ಬದಿ ಹೇಳ್ರಿ.’